ಲಕ್ಕಪ್ಪನವರ ಅಟ್ಟ

ಆ ಕಂಪನಿಯಲ್ಲಿ ಮೇಲಕ್ಕೆ ಹೋಗಬೇಕೆಂದರೆ ಮೊದಲು ಅಟ್ಟ ಹತ್ತಬೇಕಿತ್ತು. ನಗಬೇಡಿ, ನಿಜವಾದ ಅಟ್ಟವೇ. ಅರಸೀಕೆರೆಯ ನಾರಿಕೇಳ ಆಯಿಲ್ಸ್ ಕೊಬ್ಬರಿ ಕೊಳ್ಳುತ್ತಿದ್ದುದು ಸೀದಾ ತೋಟದವರ ಮನೆಗಳಿಂದ. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಟ್ಟರೆ ಒಳಗಿನ ನೀರು ಬತ್ತಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಖರೀದಿ ಅಧಿಕಾರಿಯಾದವರು ಮನೆಯೊಳಗೆ ಹೋಗಿ, ಅಡುಗೆಮನೆ ಪಕ್ಕದ ಏಣಿ ಹತ್ತಿ, ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗುಡುಗುಡು ಅಂದರೆ ಕೊಬ್ಬರಿ ಆಗಿದೆ ಎಂದರ್ಥ. ಈ ಕೆಲಸ ಮಾಡದವರಿಗೆ ಮ್ಯಾನೇಜರ್ ಆಗುವ ದಾರಿಯೇ ಇರಲಿಲ್ಲ.

ಗೆಂಡೆಹಳ್ಳಿಯ ಇಂದು ಎಂಬಾಕೆ ಓದಿದ್ದು ಎಂ.ಬಿ.ಎ., ಮಾಡುತ್ತಿದ್ದುದು ಆಫೀಸಿನ ಮೂಲೆಯ ಮೇಜಿನ ಕೆಲಸ. ಅವಳಿಂದ ಕೆಲಸ ಕಲಿತ ಹುಡುಗರೆಲ್ಲ ಅಟ್ಟ ಹತ್ತಿ, ಇಳಿದು, ಬೆಂಗಳೂರಿನ ಹೆಡ್ಡಾಫೀಸಿನಲ್ಲಿ ಗಾಜಿನ ಕೋಣೆ ಹಿಡಿದು ಕೂತಿದ್ದರು. ಇವಳು ಖರೀದಿ ಕೆಲಸ ಕೇಳಿದಾಗಲೆಲ್ಲ ಒಂದೇ ಮಾತು: "ತೋಟದ ಪಾರ್ಟಿಗಳು ಒಪ್ಪಲ್ಲ ಮೇಡಂ." ಯಾಕೆ ಒಪ್ಪಲ್ಲ ಅಂತ ಬಾಯಿಬಿಟ್ಟು ಹೇಳುವ ಪುಣ್ಯಾತ್ಮ ಅಲ್ಲಿ ಒಬ್ಬನೂ ಇರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ ಬಿಡಿ. ಇಂದುವಿನ ಮನೆಯವರು ಬೌದ್ಧರಾಗಿ ಎಷ್ಟೋ ಕಾಲವಾಗಿತ್ತು. ಊರವರ ಕಣ್ಣಿಗೆ ಮಾತ್ರ ಅವರು ಇನ್ನೂ ಕೇರಿಯವರೇ.

ಎರಡು ಸಾವಿರದ ಎರಡನೇ ಇಸವಿಯಲ್ಲಿ ಖರೀದಿ ಅಧಿಕಾರಿ ಇದ್ದಕ್ಕಿದ್ದಂತೆ ಕೆಲಸ ಬಿಟ್ಟ. ಮ್ಯಾನೇಜರ್ ಉಮಾಶಂಕರ್ ಇಂದುವನ್ನು ಒಳಗೆ ಕರೆದು ಬಾಗಿಲು ಹಾಕಿದರು.

"ಹಗರೆ ಲಕ್ಕಪ್ಪನೋರ ಮನೆಗೆ ನೀವೇ ಹೋಗಿ ಬನ್ನಿ ಇಂದು. ಸುತ್ತಲಿನ ತೋಟದೋರೆಲ್ಲ ಅವರು ಹೇಳ್ದಂಗೆ ಕೇಳ್ತಾರೆ. ಅವರಿಂದ ದೂರು ಬರಲಿಲ್ಲ ಅಂದ್ರೆ ಪೋಸ್ಟು ನಿಮ್ದೇ. ಬಂತೋ, ನನ್ನ ಕೈಲಿ ಏನೂ ಇರಲ್ಲ."

ಹಗರೆ ಅಂದ ಕೂಡಲೇ ಇಂದುವಿನ ಎದೆ ಧಸಕ್ಕೆಂದಿತು.

"ಮನೆದೇವ್ರು ಯಾವುದು ಅಂತ ಕೇಳ್ತಾರೆ," ಉಮಾಶಂಕರ್ ದನಿ ತಗ್ಗಿಸಿದರು. "ಕೇಳೇ ಕೇಳ್ತಾರೆ. ನೇರವಾಗಿ ಜಾತಿ ಕೇಳೋಕೆ ಸಂಕೋಚ ಆದೋರು ಕೇಳೋದೇ ಅದನ್ನ. ಬೆಟ್ಟದ ಸಿದ್ದೇಶ್ವರ ಅಂದ್ಬಿಡಿ. ಅವರ ಜನದ ದೇವ್ರೇ ಅದು, ಮುಂದಕ್ಕೆ ಕೇಳಲ್ಲ."

"ನಮ್ಮನೇಲಿ ಮನೆದೇವ್ರು ಅಂತಾನೇ ಇಲ್ವಲ್ಲ ಸರ್."

"ನಮ್ಮನೇಲೂ ಆ ದೇವ್ರು ಇರ್ಲಿಲ್ಲ ಕಣಮ್ಮ," ಎಂದರು ಅವರು, ಅವಳ ಮುಖ ನೋಡದೆ. "ನಾನೂ ಕೇರಿಯಿಂದ ಬಂದೋನೇ. ಹಾಗೆ ಹೇಳ್ಕೊಂಡೇ ಈ ಕುರ್ಚಿ ತನಕ ಬಂದೆ."

ಇಂದು ಬೆಪ್ಪಾದಳು. ಇಷ್ಟು ವರ್ಷ ಒಂದೇ ಸೂರಿನಡಿ ಕೂತವರು! ಅವಳಿಗೆ ಸಿಟ್ಟೂ ಬಂತು, ಅಯ್ಯೋ ಪಾಪ ಅಂತಲೂ ಅನ್ನಿಸಿತು. ಆದರೂ ಪೋಸ್ಟಿನ ಆಸೆ ಅವೆರಡಕ್ಕಿಂತ ದೊಡ್ಡದಿತ್ತು. ಆಗಲಿ ಸರ್ ಎಂದಳು.

ಎದೆ ಧಸಕ್ಕೆಂದದ್ದಕ್ಕೆ ಕಾರಣವಿತ್ತು. ಅವಳ ತಾತ ಕರಿಯಯ್ಯ ಹಗರೆಯಲ್ಲಿ ಅದೇ ಲಕ್ಕಪ್ಪನವರ ತೋಟದಲ್ಲಿ ಕಾಯಿ ಕೀಳುತ್ತಿದ್ದ, ಸುಲಿಯುತ್ತಿದ್ದ. ಜಗಲಿಯ ತನಕ ಹೊರುತ್ತಿದ್ದ, ಹೊಸ್ತಿಲು ದಾಟುವಂತಿರಲಿಲ್ಲ. ಮೇಲಿನ ಬೀದಿಗೆ ಕಾಲಿಡುವ ಮುಂಚೆ ಮೂಲೆಯಲ್ಲೇ ನಿಂತು ಕೆಮ್ಮಬೇಕಿತ್ತು. ಬಂದಿದ್ದೀನಿ, ಸರಿದುಕೊಳ್ಳಿ ಅಂತ ಆ ಕೆಮ್ಮು. ಒಂದು ಸಲ ಅವರ ಅಟ್ಟಕ್ಕೆ ಬೆಂಕಿ ಬಿತ್ತು. ಆವತ್ತು ಮಡಿ ಇಲ್ಲ, ಮೈಲಿಗೆ ಇಲ್ಲ, "ಹತ್ಲಾ ಕರಿಯ" ಅಂದರು. ಹತ್ತಿದ. ಬೆಂಕಿ ಆರಿಸಿದ. ಹೊಗೆ ಕುಡಿದು ಅಲ್ಲೇ ಸತ್ತ. ಹೆಣ ಇಳಿಸಿದ ಮೇಲೆ ಮನೆಗೆಲ್ಲ ಗಂಜಲ ಚಿಮುಕಿಸಿದರು. ಅಜ್ಜಿ ಮುನಿಯಮ್ಮ ಇದನ್ನು ಹೇಳಿದಾಗಲೆಲ್ಲ ಗಂಜಲದ ಹತ್ತಿರ ಬಂದು ಮಾತು ನಿಲ್ಲಿಸಿಬಿಡುತ್ತಿದ್ದಳು.

ಕಂಪನಿಯ ಜೀಪು ಜಾವಗಲ್ಲು, ಹಳೇಬೀಡು ದಾಟಿ ಹಗರೆ ಸೇರುವಷ್ಟರಲ್ಲಿ ಮಧ್ಯಾಹ್ನದ ಬಿಸಿಲು ಸುಡುತ್ತಿತ್ತು. ಲಕ್ಕಪ್ಪನವರು ದನದ ಹಟ್ಟಿ ಕಡೆ ಇದ್ದರು. ಅವರ ಹೆಂಡತಿ ಅನುಸೂಯಮ್ಮ ಬಾಯಿ ತುಂಬ ಮಾತಾಡಿಸಿ, ಕೈಗೆ ಮಜ್ಜಿಗೆ ಲೋಟ ಕೊಟ್ಟರು.

"ಯಾವೂರಾಯ್ತವ್ವ? ಮನೆದೇವ್ರು ಯಾವ್ದು?"

"ಬೆಟ್ಟದ ಸಿದ್ದೇಶ್ವರ," ಎಂದಳು ಇಂದು. ಹೇಳಿದ ನಾಲಿಗೆ ತನ್ನದಲ್ಲ ಅನ್ನಿಸಿತು.

"ಹಂಗನ್ನು ಮತ್ತೆ! ನಮ್ಮೋರೇ. ಒಳೀಕ್ ಬಾ," ಎಂದು ಅನುಸೂಯಮ್ಮ ಏಣಿ ಹಿಡಿದು ನಿಂತರು.

ಅಟ್ಟದ ತುಂಬ ಕಾಯಿ. ಹೆಂಚಿನ ಸಂದಿನಿಂದ ಬಿಸಿಲು ಬೀಳುತ್ತಿತ್ತು. ಇಂದು ಒಂದು ಕಾಯಿ ಎತ್ತಿ ಅಲ್ಲಾಡಿಸಿದಳು. "ಇದಾಗಿದೆ." ಇನ್ನೊಂದು. "ಇದಿನ್ನೂ ಆಗಿಲ್ಲ." ಮೂರನೆಯದಕ್ಕೆ ಕೈಹಾಕುವ ಮುಂಚೆಯೇ ಆಚೆ ಮೂಲೆಯಲ್ಲಿ ಯಾವುದೋ ಕಾಯಿ ಗುಡುಗುಡು ಎಂದಿತು. ಇಲಿ ಇರಬೇಕು ಅಂದುಕೊಂಡಳು. ಆಮೇಲೆ ಸುಟ್ಟ ಮಟ್ಟೆಯ ಹೊಗೆ ಮೂಗಿಗೆ ಬಡಿಯಿತು. ಆಮೇಲೆ ಕೆಮ್ಮು.

ಹೊಗೆ ಹಿಡಿದವನ ಕೆಮ್ಮಲ್ಲ ಅದು. ಎರಡೇ ಸಲ, ತಗ್ಗಿಸಿ, ಬೀದಿಯ ಮೂಲೆಯಲ್ಲಿ ನಿಂತವನು ಕೆಮ್ಮುವ ಹಾಗೆ.

"ಕೇಳುಸ್ತಾ?" ಕೆಳಗಿನಿಂದ ಅನುಸೂಯಮ್ಮ ಕೂಗಿದರು. "ಹೆದರ್ಕಬ್ಯಾಡ ಕಣವ್ವ. ಕರಿಯ ಅಂತ ನಮ್ಮ ಹಳೇ ಆಳು. ಎಷ್ಟು ಶಾಂತಿ ಮಾಡ್ಸುದ್ರೂ ಇಳೀವಲ್ಲ. ಮುಂಚೆ ಬತ್ತಿದ್ದ ಆಫೀಸರ್ರೂ ಬಿರ್ರನೆ ಇಳ್ದುಬುಡೋರು. ನೀನೂ ಬ್ಯಾಗ ಬಂದ್ಬುಡು."

ಇಳಿದುಬಿಡಬಹುದಿತ್ತು. ಮಜ್ಜಿಗೆ ಕುಡಿದಾಗಿತ್ತು, ಸುಳ್ಳೂ ದಕ್ಕಿತ್ತು. ಬಾಯಿ ಮುಚ್ಚಿಕೊಂಡು ಇಳಿದಿದ್ದರೆ ಇನ್ನೆರಡು ವರ್ಷಕ್ಕೆ ಅವಳಿಗೂ ಗಾಜಿನ ಕೋಣೆ. ಅದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಆಗ ಇನ್ನೊಮ್ಮೆ ಕೆಮ್ಮು ಬಂತು, ಈ ಸಲ ತೀರ ಹತ್ತಿರ. ಸತ್ತ ಮೇಲೂ ಈ ಮುದುಕ ದಾರಿ ಬಿಡಿಸುತ್ತಿದ್ದಾನಲ್ಲ! ಮೊಮ್ಮಗಳಿಗೂ ಸರಿದುಕೋ ಅನ್ನುತ್ತಿದ್ದಾನಲ್ಲ! ಇಂದುವಿಗೆ ಭಯ ಹೋಗಿ ಅಳು ಬಂತು.

"ತಾತ, ಕೆಮ್ಮಬೇಡ," ಎಂದಳು, ಗಟ್ಟಿಯಾಗಿಯೇ. "ನಾನು ಇಂದು. ನಿನ್ನ ಮಗನ ಮಗಳು. ಮುಂಬಾಗಿಲಿಂದಲೇ ಬಂದಿದೀನಿ, ಕೆಲಸದ ಮೇಲೆ ಬಂದಿದೀನಿ. ಯಾರೂ ಸರ್ಕೊಳ್ಳೋದು ಬೇಡ. ನೀನು ಮನೆಗೆ ನಡಿ. ಅಜ್ಜಿ ಕಾಯ್ತಾಳೆ."

ಹೊಗೆಯ ವಾಸನೆ ಹೋಯಿತು. ಅಟ್ಟದಲ್ಲಿ ಕೆಮ್ಮಿಲ್ಲ, ಸದ್ದಿಲ್ಲ. ಕೆಳಗೆ ಅನುಸೂಯಮ್ಮ ಕೈಬಿಟ್ಟಿದ್ದಕ್ಕೆ ಏಣಿ ಗೋಡೆಗೆ ಒರಸಿಕೊಂಡು ಜಾರಿ ಬಿತ್ತು.

ಇಂದು ಕಾಯಿ ನೋಡುವುದನ್ನು ನಿಲ್ಲಿಸಲಿಲ್ಲ. ಇದಾಗಿದೆ, ಇದಿನ್ನೂ ಆಗಿಲ್ಲ. ಹಾಗೆ ನೋಡುತ್ತಿರುವಾಗಲೇ ಕೆಳಗೆ ಲಕ್ಕಪ್ಪನವರು ಬಂದದ್ದು ಕೇಳಿಸಿತು, ಗಂಡಹೆಂಡಿರ ಗುಸುಗುಸು ಕೇಳಿಸಿತು, ಆಮೇಲೆ ಅವರು ಫೋನಿನಲ್ಲಿ ಕೂಗಿದ್ದು. "ಯಾರ್ನ ಕಳ್ಸಿದೀರಿ ಗೊತ್ತೇನ್ರೀ ಉಮಾಶಂಕರ್? ನೀವಾದ್ರೂ ನಮ್ಮೋರು, ನಿಮಗೆ ತಿಳೀಬಾರ್ದಾ?" ಆ ಕಡೆಯಿಂದ ಏನು ಉತ್ತರ ಬಂತೋ, ಲಕ್ಕಪ್ಪನವರು ಸಮಾಧಾನವಾದರು. ಆಳೊಬ್ಬನನ್ನು ಕರೆದು ಏಣಿ ಇಡಿಸಿದರು. ಇಂದು ಇಳಿದು ಹೊರಗೆ ಬರುವಾಗ ಅವಳು ಕುಡಿದ ಲೋಟ ಅಂಗಳದ ಮಣ್ಣಿನಲ್ಲಿ ಬಿದ್ದಿತ್ತು.

ಪೋಸ್ಟು ಚೇತನ್‌ಕುಮಾರನಿಗೆ ಹೋಯಿತು. ಅವನು ಇಂದುವಿನ ಹತ್ತಿರವೇ ಕೆಲಸ ಕಲಿಯುತ್ತಿದ್ದ ಹುಡುಗ, ಒಳ್ಳೆಯವನೇ, ಪಾಪ. "ನನಗೂ ಗೊತ್ತಿರ್ಲಿಲ್ಲ ಅಂದ್ಬಿಟ್ಟೆ ಕಣಮ್ಮ," ಎಂದರು ಉಮಾಶಂಕರ್. ಇಂದು ಮೂಲೆಯ ಮೇಜಿಗೆ ವಾಪಸಾದಳು. ತಾತನೊಬ್ಬನನ್ನು ಇಳಿಸಿದೆನಲ್ಲ ಎಂದು ಸಮಾಧಾನ ಮಾಡಿಕೊಂಡಳು. ಆದರೆ ಕೆಲಸದ ನಡುವೆ ಕಿವಿಯ ಹತ್ತಿರ ಗುಡುಗುಡು ಅನ್ನುವುದು, ಬೆರಳಿಗೆ ಕಾಯಿಯ ನಾರು ತಾಗಿದಂತಾಗುವುದು. ಕೆಲವು ದಿನ ಕುರ್ಚಿಯಲ್ಲಿ ತಾನು ಪೂರ್ತಿ ಇಲ್ಲ ಅನ್ನಿಸುತ್ತಿತ್ತು.

ದೀಪಾವಳಿಯ ಹೊತ್ತಿಗೆ ಚೇತನ್‌ಕುಮಾರ ಮೊದಲ ಸಲ ಹಗರೆಗೆ ಹೋಗಿಬಂದ. ಬಂದವನೇ ಅವಳ ಮೇಜಿನ ಮುಂದೆ ನಿಂತ. ಮುಖದಲ್ಲಿ ರಕ್ತ ಇರಲಿಲ್ಲ.

"ಮೇಡಂ, ಆ ಅಟ್ಟದಲ್ಲಿ ಈಗ ಕೆಮ್ಮು ಇಲ್ಲ. ಯಾರೋ ಹೆಂಗಸು ಇದಾಳೆ. ಕಾಯಿ ಅಲ್ಲಾಡಿಸ್ತಾಳೆ. ಇದಾಗಿದೆ, ಇದಿನ್ನೂ ಆಗಿಲ್ಲ ಅಂತಾಳೆ. ತಪ್ಪು ತಿಳ್ಕೋಬೇಡಿ. ಧ್ವನಿ ನಿಮ್ದೇ."

ಇಂದು ತನ್ನ ಎರಡೂ ಕೈ ನೋಡಿಕೊಂಡಳು.

"ಅನುಸೂಯಮ್ಮನೋರು ಮಂತ್ರವಾದಿನ ಕರೆಸ್ತಾರಂತೆ, ಇಳಿಸೋಕೆ."

ಬಾಗಿಲು ತೆರೆದಿದ್ದ ಕೋಣೆಯಲ್ಲಿ ಉಮಾಶಂಕರ್ ಕುರ್ಚಿಯಿಂದ ಎದ್ದ ಸದ್ದಾಯಿತು. ಹೊರಗೆ ಮಾತ್ರ ಬರಲಿಲ್ಲ.

"ದುಡ್ಡು ದಂಡ ಮಾಡ್ಕೋಬೇಡಿ ಅನ್ನಿ ಚೇತನ್," ಎಂದಳು ಇಂದು. "ಅವಳು ಕೆಲಸಕ್ಕೆ ಹತ್ತಿರೋದು. ಯಾರು ಕರೆದ್ರೂ ಇಳಿಯಲ್ಲ."