ಒಕ್ವೇರನ ಸಾವಿರದ ಇನ್ನೂರು

೧
ಎಲ್ಲಿಂದ ಶುರು ಮಾಡಲಿ? ಯಂತ್ರದಿಂದಲೇ ಎಂದುಕೊಂಡೆ. ಗುಲು ಪಟ್ಟಣದ ಲ್ಯಾಬಿಗೆ ರಕ್ತ ಎಣಿಸುವ ಯಂತ್ರ ಬಂದಾಗ 'ಆರೋಗ್ಯವಂತರ ಮಿತಿ'ಯೂ ಅದರ ಜೊತೆಗೇ ಪರದೇಶದಿಂದ ಬಂತು. ಸೋಂಕು ತಡೆಯುವ ಬಿಳಿ ಕಣಗಳು ಸಾವಿರದ ಐನೂರಕ್ಕಿಂತ ಕಡಿಮೆಯಿದ್ದರೆ ಪಕ್ಕದಲ್ಲಿ ಕೆಂಪು ಬಾಣ. ಹುಟ್ಟಿನಿಂದಲೇ ಈ ಕಣಗಳು ಕಡಿಮೆಯಿರುವ ಈ ಸೀಮೆಯಲ್ಲಿ, ಕಲ್ಲು ತಿಂದು ಕರಗಿಸುವಂಥ ಎಷ್ಟೋ ಮಂದಿಗೂ ಬಾಣ. ಹಾಗಾಗಿ ಲ್ಯಾಬಿನ ಲನ್ಯೇರೋ ಅದರ ಮೇಲೆ ಗೀಟೆಳೆದು 'ನಮ್ಮವರಿಗೆ ಸರಿ' ಎಂದು ಬರೆಯುತ್ತಿದ್ದಳು. ಹನ್ನೊಂದು ವರ್ಷದ ರೂಢಿ.

(ಇದು ಕಥೆಯಲ್ಲ, ಉಪನ್ಯಾಸ. ಹರಿದುಹಾಕಿದೆ.)

೨
ಇವತ್ತಿನ ರಿಪೋರ್ಟ್ ಅವಳ ತಮ್ಮ ಒಕ್ವೇರನದು. ಸಾವಿರದ ಇನ್ನೂರು. ಅವನ ಕಿವಿಯಲ್ಲಿ ಬೈಯುತ್ತಿದ್ದ ದನಿಗಳನ್ನು ಅಡಗಿಸಿದ್ದು ಒಂದೇ ಒಂದು ಮಾತ್ರೆ. ಅದೇ ಮಾತ್ರೆ ಕೆಲವರ ಬಿಳಿ ಕಣಗಳನ್ನು ಮುಗಿಸಿಬಿಡುತ್ತದೆ. ಆಮೇಲೆ ಸಣ್ಣ ಜ್ವರವೂ ಪ್ರಾಣ ತೆಗೆದೀತು. ಬಾಣ ಹಾಗೇ ಬಿಟ್ಟರೆ ಡಾಕ್ಟರು ಮಾತ್ರೆ ನಿಲ್ಲಿಸುತ್ತಾರೆ. ಗೀಟೆಳೆದರೆ?

ಮಾತ್ರೆಗೆ ಮುಂಚೆ ಅವನ ಲೆಕ್ಕ ಎಷ್ಟಿತ್ತು? ಹಳೆಯ ರಿಜಿಸ್ಟರ್ ತೆಗೆದಳು. ಅವಳದೇ ಅಕ್ಷರ: 'ನಮ್ಮವರಿಗೆ ಸರಿ'. ಸಂಖ್ಯೆ ಬರೆದಿಲ್ಲ.

(ಅತ್ತ ದರಿ, ಇತ್ತ ಪುಲಿ ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಓದುಗರೇ, ನನಗೇ ಭಯವಾಗುತ್ತಿದೆ.)

೨, ಮತ್ತೊಮ್ಮೆ
ಲನ್ಯೇರೋ ತನ್ನದೇ ರಕ್ತ ತೆಗೆದು ಯಂತ್ರಕ್ಕಿಟ್ಟಳು. ಸಾವಿರದ ಮುನ್ನೂರು. ಬಾಣ.

"ನೋಡು, ಒಂದೇ ಹೊಟ್ಟೇಲಿ ಹುಟ್ಟಿದವರು. ಗೀಟೆಳಿ," ಎಂದೆ.

"ನಾನು ಆ ಮಾತ್ರೆ ನುಂಗ್ತಿಲ್ವಲ್ಲ."

"ಹಾಗಿದ್ರೆ ನಿಲ್ಲಿಸ್ಲಿ ಬಿಡು."

"ಹೋದ್ಸಲ ಮಾತ್ರೆ ನಿಂತಾಗ ಓಡಿಹೋದವನ್ನ ಮೂರು ದಿನ ಪೊದೆ ಪೊದೆ ಹುಡುಕಿದ್ದು ನೀನಾ? ಬರಿಯೋರಿಗೇನಪ್ಪ."

ಅಂತ್ಯ ಒಂದು: ಗೀಟೆಳೆದಳು, ತಮ್ಮ ನೂರು ಕಾಲ ಬಾಳಿದ. ಅಂತ್ಯ ಎರಡಕ್ಕೆ ಕೈ ಹಾಕುವಷ್ಟರಲ್ಲಿ ಅವಳು ನನ್ನ ಪೆನ್ನು ಕಿತ್ತುಕೊಂಡಳು. ಗೀಟೆಳೆಯಲಿಲ್ಲ. ಇಬ್ಬರ ಸಂಖ್ಯೆಯನ್ನೂ ಬರೆದು, ಕೆಳಗೆ, 'ಮುಂಚಿನ ಸಂಖ್ಯೆ ಬರೆಯದೆ ಬಿಟ್ಟವಳು ನಾನೇ' ಎಂದು ಸಹಿ ಹಾಕಿದಳು.

ಡಾಕ್ಟರು ಎರಡೂ ಸಂಖ್ಯೆಗಳನ್ನು ಹೋಲಿಸಿ ನೋಡಿದರು. "ಮಾತ್ರೆ ನಡೀಲಿ. ಮೂರು ದಿನಕ್ಕೆ ಮತ್ತೆ ಎಣ್ಸಿ. ಮೈ ಬೆಚ್ಚಗಾದ್ರೆ ಮಾತ್ರ ಕಾಯ್ಬೇಡಿ, ಓಡಿ ಬನ್ನಿ."

೪ (ಮೂರು ಬರೆಯಲು ಧೈರ್ಯ ಸಾಲಲಿಲ್ಲ)
ಎರಡನೆಯ ಮಧ್ಯಾಹ್ನ ಒಕ್ವೇರ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದ. ಅವಳು ಹಣೆ ಮುಟ್ಟಿದಳು. ಬೆಚ್ಚಗಿತ್ತು.

"ಬಿಸಿಲಲ್ಲಿ ಕೂತಿದ್ದೆ ಕಣಕ್ಕ," ಎಂದು ಅವನು ನಕ್ಕ. "ಇವತ್ತು ನನ್ನ ಕಿವೀಲಿ ನೀನೊಬ್ಬಳೇ ಮಾತಾಡ್ತಿರೋದು."

ಬಿಸಿಲೋ ಜ್ವರವೋ, ಆಣೆ ಮಾಡಿ ಹೇಳುತ್ತೇನೆ, ನನಗೆ ಗೊತ್ತಿಲ್ಲ. ಅವಳು ಅವನನ್ನು ನೆರಳಿಗೆ ಕೂರಿಸಿ, ಹಣೆ ತಣ್ಣಗಾಗಲೆಂದು ಕಾಯುತ್ತಿದ್ದಾಳೆ.

"ಬರೆದಿದ್ದು ಸಾಕು, ನೀನು ಹೋಗು," ಎಂದಳು ನನಗೆ, ಕೈ ತೆಗೆಯದೆ.