ಪಕ್ಕದ ಮನೆಯವರ ಸಾಕ್ಷಿ

ಗಾಜಿನಾಚೆ ಕುಳಿತಿದ್ದ ವೀಸಾ ಅಧಿಕಾರಿಣಿಯ ಬೆರಳು ಅರ್ಜಿಯ ಒಂದು ಸಾಲಿನ ಮೇಲೆ ನಿಂತಿತು. ಈಚೆ ನಿಂತಿದ್ದ ಬೀಗ ರಿಪೇರಿಯವನಿಗೆ ಅದು ಯಾವ ಸಾಲೆಂದು ನೋಡದೆಯೇ ಗೊತ್ತು. ಎಂದಾದರೂ ಬಂಧನಕ್ಕೆ ಒಳಗಾಗಿದ್ದೀರಾ? ಹೌದು.

ಆ 'ಹೌದು'ಗಾಗಿ ಅವನ ಮನೆಯಲ್ಲಿ ದೊಡ್ಡ ರಂಪವೇ ಆಗಿತ್ತು. ಶಿಕ್ಷೆಯಂತೂ ಆಗಿಲ್ಲ, ಮೊಕದ್ದಮೆಯೇ ಬಿದ್ದುಹೋಗಿದೆ, ಸುಮ್ಮನೆ 'ಇಲ್ಲ' ಎಂದು ಬರೆಯಿರಿ ಎಂದಿದ್ದ ವೀಸಾ ಏಜೆಂಟ್. ಹೆಂಡತಿಯೂ ಅದಕ್ಕೆ ತಾಳ ಹಾಕಿದ್ದಳು. ಅವಳ ಭಯವೂ ಸುಳ್ಳಲ್ಲ. ತಾಯಿಯಿಲ್ಲದ ಇವನನ್ನು ಎತ್ತಿ ಆಡಿಸಿದ ಅಕ್ಕ, ತಮ್ಮನು ಒಂದು ನೆಲೆಗೆ ನಿಲ್ಲಲೆಂದು ತನ್ನ ಮದುವೆಯನ್ನು ಮುಂದೂಡುತ್ತಲೇ ಬಂದು, ದುಡಿಯಲು ಕಡಲಾಚೆ ಹೋಗಿದ್ದಳು. ಈಗ ಐವತ್ತು ದಾಟಿದ ಮೇಲೆ ಅಲ್ಲೇ ಮದುವೆಯಾಗುತ್ತಿದ್ದಳು. "ನೀನು ಪಕ್ಕದಲ್ಲಿ ನಿಲ್ಲದೆ ನಾನು ಸಹಿ ಹಾಕಲ್ಲ ಕಣೋ" ಎಂದು ಫೋನಿನಲ್ಲಿ ಹಟ ಹಿಡಿದಿದ್ದಳು. ವೀಸಾ ಕೈತಪ್ಪಿದರೆ ಆ ಅಕ್ಕನಿಗೆ ಯಾವ ಮುಖ ತೋರಿಸುವುದು? ಆದರೂ ಇವನು ಜಗ್ಗಲಿಲ್ಲ. ಯಾರದೋ ಸುಳ್ಳನ್ನು ನಂಬಿ ಒಮ್ಮೆ ಲಾಕಪ್ ಸೇರಿದವನಿಗೆ ತಾನೇ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಏನಾಗಿತ್ತು?" ಅಧಿಕಾರಿಣಿ ಕೇಳಿದರು.

ಇವನು ನಡೆದದ್ದನ್ನು ಹೇಳಿದ. ಕೀಲಿ ಕಳೆದಿದೆ, ನಮ್ಮ ಮನೆ ಬಾಗಿಲು ತೆಗೆದುಕೊಡಿ ಎಂದು ಇಸ್ತ್ರಿ ಬಟ್ಟೆಯ ಸಭ್ಯನೊಬ್ಬ ಕರೆದೊಯ್ದಿದ್ದ. ಇವನು ತೆಗೆದುಕೊಟ್ಟ. ಮನೆ ನೋಡಿದರೆ ಇನ್ಯಾರದೋ! ಪೊಲೀಸರು ಇಬ್ಬರನ್ನೂ ಹಿಡಿದರು. ಇವನದೇನೂ ತಪ್ಪಿಲ್ಲವೆಂದು ಆಮೇಲೆ ನ್ಯಾಯಾಲಯವೇ ಬಿಟ್ಟು ಕಳಿಸಿತು. ಆ ಆದೇಶದ ಪ್ರತಿಯನ್ನು ಗಾಜಿನ ಕೆಳಗೆ ತಳ್ಳಿದ.

ಅಧಿಕಾರಿಣಿ ನಿಧಾನವಾಗಿ ಓದಿದರು. "ಈಗಲೂ ಬೀಗ ತೆಗೀತೀರಾ?"

"ತೆಗೀತೀನಿ ಮೇಡಂ. ಆದ್ರೆ ಪಕ್ಕದ ಮನೆಯವರು ಬಂದು, ಹೌದು, ಇದು ಇವರ ಮನೇನೇ ಅಂತ ಹೇಳೋವರೆಗೂ ಮುಟ್ಟಲ್ಲ. ಜನ ಬೈತಾರೆ. ಬೈಸ್ಕೋತೀನಿ."

ಅವರ ತುಟಿಯಂಚಿನಲ್ಲಿ ನಗು ಸುಳಿಯಿತು. ನಿಮ್ಮಂಥ ಬಂಧನ ಅಡ್ಡಿಯಲ್ಲ, ಮುಚ್ಚಿಟ್ಟಿದ್ದರೆ ಮಾತೇ ಬೇರೆಯಾಗುತ್ತಿತ್ತು ಎಂದರು. "ಪಾಸ್‌ಪೋರ್ಟ್ ಇಲ್ಲೇ ಇರಲಿ, ವೀಸಾ ಹಾಕಿ ಕಳಿಸ್ತೀವಿ. ನಿಮ್ಮ ಅಕ್ಕನಿಗೆ ಒಳ್ಳೇದಾಗ್ಲಿ."

ಹೊರಗೆ ಬಂದವನೇ ಅಕ್ಕನಿಗೆ ಫೋನು ಮಾಡಿದ. ಅವಳು ಮೊದಲು ಅತ್ತಳು, ಆಮೇಲೆ ಒಳ್ಳೆಯ ಕೋಟು ಹೊಲಿಸಿಕೋ ಎಂದು ಗದರಿದಳು. ಇವನು ಖುಷಿಯಲ್ಲಿ ಸ್ಕೂಟರ್ ಹತ್ತಿ, ದಾರಿಯುದ್ದಕ್ಕೂ ಹಾಡು ಗುನುಗುತ್ತ ಮನೆಗೆ ಬಂದರೆ ಬಾಗಿಲಿಗೆ ಬೀಗ. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಬೆಳಗಿನ ಗಡಿಬಿಡಿಯಲ್ಲಿ ಇವನು ತನ್ನ ಕೀಲಿಯನ್ನು ಒಳಗೇ ಬಿಟ್ಟಿದ್ದ. ನಗು ಬಂತು. ಸ್ಕೂಟರಿನ ಡಿಕ್ಕಿಯಲ್ಲಿ ಸಲಕರಣೆಯ ಚೀಲ ಇದ್ದೇ ಇತ್ತು. ತಂತಿ ತೆಗೆದು ಬೀಗದ ಮುಂದೆ ಬಗ್ಗಿದವನು ತಡೆದುಕೊಂಡ. ಎದ್ದುಹೋಗಿ ಪಕ್ಕದ ಮನೆಯ ಗಂಟೆ ಒತ್ತಿದ.

ಅಜ್ಜಿ ಕೈ ಒರೆಸಿಕೊಳ್ಳುತ್ತ ಬಂದರು. "ಏನಪ್ಪಾ?"

"ಒಂದು ನಿಮಿಷ ಬನ್ನಿ ಅಜ್ಜಿ. ಇದು ನನ್ನ ಮನೇನೇ ಅಂತ ಹೇಳ್ಬೇಕು."

ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬಾಗಿಲನ್ನೂ ನೋಡಿದರು.

"ಹೌದು, ನಿಂದೇ. ತೆಗಿ."

ಬೀಗ ಕಟಕ್ಕೆಂದು ಬಾಯಿ ಬಿಟ್ಟಿತು.