ಹುಳಿ ತೆಗೆದ ಬಾಟಲಿ

ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದ ಬಸ್ ಡ್ರೈವರ್, ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಂಡ.

"ಏನ್ರೀ, ಇಷ್ಟು ವರ್ಷ ಇದ್ದ ಬಾಗಿಲು ಇವತ್ತು ಜಾಗ ಬದಲಾಯಿಸ್ತಾ?" ಹೆಂಡತಿ ಕೂತಲ್ಲಿಂದಲೇ ನಕ್ಕಳು.

"ಎರಡೆರಡು ಬಾಗಿಲು ಕಾಣ್ತಿದೆ ಕಣೆ. ಬೆಳಿಗ್ಗೆಯಿಂದ ಹಿಂಗೇ."

"ಹೆಂಡ್ತೀನೂ ಇಬ್ಬರು ಕಾಣ್ತಿದ್ದಾಳಾ?"

"ಅಯ್ಯೋ ಬಿಡು, ಒಬ್ಬಳನ್ನ ಸುಧಾರಿಸೋದೇ ಸಾಕಾಗಿದೆ."

"ಕನ್ನಡಕ ಹಳೇದಾಯ್ತು ಅಂತ ಬಡ್ಕೊಂಡೆ. ಕೇಳಿದ್ರಾ? ಬನ್ನಿ, ಕೂತ್ಕೊಳ್ಳಿ. ಎರಡು ಗಂಟೆ ಟ್ರಿಪ್‌ಗೆ ಹೊತ್ತಾಗತ್ತೆ."

ಆ ಮನೆಯ ಮುಂದಿನ ಕೋಣೆಯೇ ಮಹಿಳಾ ಸಂಘದ ಅಡುಗೆ ಘಟಕ. ಉದ್ದನೆಯ ಸ್ಟೀಲ್ ಮೇಜು, ಬಾಟಲಿ ಕುದಿಸುವ ದೊಡ್ಡ ಪಾತ್ರೆ, ಮುಚ್ಚಳ ಬಿಗಿಯುವ ಕೈಯಂತ್ರ. ಒಲೆಯ ಪಕ್ಕದ ಗೋಡೆಗೆ ಮರದ ಹಲಗೆಗಳು, ಅವುಗಳ ಮೇಲೆ ಸಾಲಾಗಿ ಬಾಟಲಿಗಳು. ಎಣ್ಣೆಯಲ್ಲಿ ಮುಳುಗಿದ ಬೆಳ್ಳುಳ್ಳಿ ಎಸಳು ಈ ಸಂಘದವರ ಹೆಸರುವಾಸಿ ಸರಕು. ಡ್ರೈವರ್‌ನ ಹೆಂಡತಿ ಸಂಘದ ಯಜಮಾನಿ; ಎಲ್ಲರಿಗೂ ಅವಳು ದೊಡ್ಡಕ್ಕ. ಎದುರಿಗೆ ಕೂತು ಚೀಟಿ ಅಂಟಿಸುತ್ತಿದ್ದವಳು ಅವಳ ಓರಗಿತ್ತಿ, ಡ್ರೈವರ್‌ನ ತಮ್ಮನ ಹೆಂಡತಿ. ವಾರಕ್ಕೆ ಮೂರು ಸಂಜೆ ಆಹಾರ ಸಂಸ್ಕರಣೆಯ ತರಗತಿಗೆ ಹೋಗುತ್ತಿದ್ದುದರಿಂದ ದೊಡ್ಡಕ್ಕ ಅವಳನ್ನು ತಮಾಷೆಗೆ "ಮೇಡಂ" ಎನ್ನುತ್ತಿದ್ದಳು. ಆ ತಮಾಷೆಯಲ್ಲಿ ಸ್ವಲ್ಪ ಮುಳ್ಳೂ ಇತ್ತು.

ಡ್ರೈವರ್ ಒಂದು ಲೋಟ ನೀರು ಎತ್ತಿ ಕುಡಿದ. ನೀರು ಗಂಟಲಿಗೆ ಇಳಿಯಲಿಲ್ಲ. ಕೆಮ್ಮು ಬಂತು, ಅರ್ಧ ನೀರು ಮೂಗಿನಿಂದ ಹೊರಬಂತು.

"ನಿಧಾನ ಕುಡೀಬಾರ್ದಾ!" ದೊಡ್ಡಕ್ಕ ಬೆನ್ನು ಸವರಿದಳು.

ಓರಗಿತ್ತಿಯ ಕೈ ಚೀಟಿಯ ಮೇಲೆಯೇ ನಿಂತಿತು. ಭಾವನ ಎರಡೂ ಕಣ್ಣಿನ ರೆಪ್ಪೆ ಅರ್ಧಕ್ಕೆ ಇಳಿದಿತ್ತು. ನಿದ್ದೆಗೆಟ್ಟವರ ಕಣ್ಣಿನಂತೆ ಅಲ್ಲ. ಎತ್ತಲು ಹೋದರೂ ಏಳದ ರೆಪ್ಪೆ. ಇದನ್ನು ಅವಳು ಓದಿದ್ದಳು. ತರಗತಿಯ ಪುಸ್ತಕದ ಒಂದು ಪುಟದ ಕೆಳಗೆ ನಾಲ್ಕು ಸಾಲು. ಎರಡೆರಡಾಗಿ ಕಾಣುವುದು. ರೆಪ್ಪೆ ಜೋಲುವುದು. ನುಂಗಲಾಗದಿರುವುದು. ಮಾತು ತೊದಲುವುದು.

ಪುಸ್ತಕದಲ್ಲಿ ಇದ್ದುದೆಲ್ಲ ಮನೆಯಲ್ಲೇ ನಡೆಯುತ್ತದೆಯೇ? ಸುಮ್ಮನೆ ಹೆದರುತ್ತಿದ್ದೇನೆ ಅಂದುಕೊಂಡಳು. ಆದರೂ ಬಾಯಿ ತಡೆಯಲಿಲ್ಲ.

"ಭಾವ, ನಿನ್ನೆ ಮಧ್ಯಾಹ್ನ ಊಟಕ್ಕೆ ಏನು ತಿಂದ್ರಿ?"

"ಡಬ್ಬಿ ಊಟಾನೇ. ಜೊತೆಗೆ ನಿಮ್ಮ ಬೆಳ್ಳುಳ್ಳಿ. ಡಿಪೋದಲ್ಲಿ ಹೊಸ ಬಾಟಲಿ ತೆರೆದೆ. ಕಂಡಕ್ಟರ್ ವಾಸನೆ ತಡೀಲಾರದೆ ಎದ್ದು ಕಿಟಕಿ ಹತ್ರ ಹೋಗಿ ಕೂತ. ನಾನೊಬ್ಬನೇ ಅರ್ಧ ಮುಗಿಸಿದೆ." ಮಾತಿನ ಕೊನೆ ಬಾಯಲ್ಲಿ ಮುದ್ದೆ ಇಟ್ಟುಕೊಂಡವನ ಹಾಗೆ ಕೇಳಿಸಿತು.

"ಯಾವ ಬಾಟಲಿ? ನೀಲಿ ಮುಚ್ಚಳದ್ದಾ?"

"ಹೂಂ. ಬ್ಯಾಗಲ್ಲೇ ಇದೆ ನೋಡು."

ನೀಲಿ ಮುಚ್ಚಳವೆಂದರೆ ಮೂರು ವಾರದ ಹಿಂದೆ ಮಾಡಿದ್ದು. ಅಂದು ಏನಾಯಿತೆಂದು ಅವಳಿಗೆ ಚೆನ್ನಾಗಿ ನೆನಪಿತ್ತು. ಸಂಘದ ಪದ್ಧತಿ ಹೀಗೆ: ಸುಲಿದ ಎಸಳನ್ನು ವಿನೆಗರ್‌ನಲ್ಲಿ ಇಡೀ ಒಂದು ದಿನ ನೆನೆಸಬೇಕು, ಹುಳಿ ಎಸಳಿನ ಒಳಗೆ ಇಳಿದಿದೆಯೇ ಎಂದು ಬಣ್ಣ ಬದಲಾಯಿಸಿ ಹುಳಿಯ ಅಂಕಿ ತೋರಿಸುವ ಕಾಗದದ ಪಟ್ಟಿಯಿಂದ ನೋಡಬೇಕು, ಆಮೇಲೆ ಎಣ್ಣೆ. ಆದರೆ ಅಂಗಡಿಯವರು "ಗಿರಾಕಿಗಳು ಹುಳಿ ಜಾಸ್ತಿ ಅಂತಾರೆ" ಎಂದಿದ್ದರು. ಅದಕ್ಕೇ ದೊಡ್ಡಕ್ಕ ಅಂದು ವಿನೆಗರ್ ಡಬ್ಬವನ್ನು ತೆರೆಯಲೇ ಇಲ್ಲ. ಬರೀ ಉಪ್ಪು, ಎಣ್ಣೆ. ಬಾಟಲಿ ತುಂಬಿ ಕುದಿಸಿ ಮುಚ್ಚಳ ಬಿಗಿದಳು.

"ಅಕ್ಕ, ಹುಳಿ ಹಾಕಲ್ವಾ?" ಎಂದು ಓರಗಿತ್ತಿ ಅಂದು ಕೇಳಿದ್ದಳು.

"ಎಣ್ಣೆ ಒಳಗೆ ಗಾಳಿ ಹೋಗಲ್ಲ. ಗಾಳಿ ಇಲ್ಲದೆ ಯಾವ ಕ್ರಿಮಿ ಬದುಕತ್ತೆ ಮೇಡಂ? ನಿಮ್ಮ ಮೇಷ್ಟ್ರನ್ನ ಕೇಳ್ಕೊಂಡು ಬನ್ನಿ" ಎಂದಿದ್ದಳು ದೊಡ್ಡಕ್ಕ. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕು ಸುಮ್ಮನಾಗಿದ್ದಳು. ಮೂರು ವಾರ ಸುಮ್ಮನಾಗಿದ್ದಳು.

ಈಗ ಅವಳು ಎದ್ದು ನಿಂತಳು.

"ಅಕ್ಕ, ಭಾವನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು. ಈಗಲೇ. ಇದು ಕನ್ನಡಕ ಅಲ್ಲ, ಬಾಟಲಿ."

ದೊಡ್ಡಕ್ಕನ ಮುಖ ಗಂಟಿಕ್ಕಿತು. "ಏನಂದೆ? ನನ್ನ ಬಾಟಲೀಲಿ ಏನಿದೆ?"

"ವಿಷ ಇರಬಹುದು."

"ನಾಲಿಗೆ ಬಿಗಿಹಿಡಿದು ಮಾತಾಡು! ಇಪ್ಪತ್ತು ನಿಮಿಷ ಕುದಿಸಿದ್ದೀನಿ. ಕುದ್ದ ಮೇಲೆ ಯಾವ ಕ್ರಿಮಿ ಉಳಿಯತ್ತೆ?"

"ಇದು ಉಳಿಯತ್ತೆ ಅಕ್ಕ. ಮಣ್ಣಲ್ಲಿರೋ ಕ್ರಿಮಿ. ಬೆಳ್ಳುಳ್ಳಿ ಮಣ್ಣಿನೊಳಗೇ ಬೆಳೆಯೋದಲ್ವಾ? ಬೀಜದ ಥರ ಗಟ್ಟಿಯಾಗಿ ಮುದುಡ್ಕೊಂಡಿರತ್ತೆ, ಕುದಿಯೋ ನೀರಿಗೆ ಜಗ್ಗಲ್ಲ. ಇದಕ್ಕೆ ಗಾಳಿ ಬೇಡ. ಗಾಳಿ ಇಲ್ಲದ ಜಾಗ, ಹುಳಿ ಇಲ್ಲ, ಒಲೆ ಪಕ್ಕದ ಬೆಚ್ಚಗಿನ ಗೋಡೆ. ಅದಕ್ಕೆ ಬೇಕಾದ್ದೆಲ್ಲ ನಾವೇ ಕೊಟ್ಟಿದ್ದೀವಿ. ಮೊಳೆತು ವಿಷ ಬಿಡತ್ತೆ."

"ಮಾಡಿದ ದಿನ ನಾನೂ ತಿಂದೆ. ನನಗೇನಾಗಿದೆ? ಗುಂಡುಕಲ್ಲಿನ ಹಾಗೆ ಕೂತಿದ್ದೀನಿ."

"ಅವತ್ತು ವಿಷ ಹುಟ್ಟಿರಲಿಲ್ಲ. ಮೂರು ವಾರ ಆಯ್ತಲ್ಲ."

ದೊಡ್ಡಕ್ಕ ಗಂಡನ ಬ್ಯಾಗಿಗೆ ಕೈಹಾಕಿ ಬಾಟಲಿ ತೆಗೆದಳು. ಮುಚ್ಚಳ ತಿರುಗಿಸಿ ಮೂಗಿನ ಬಳಿ ಹಿಡಿದಳು. "ನೋಡು, ಘಮಘಮ ಅಂತಿದೆ. ಬೂಷ್ಟು ಇದೆಯಾ? ನೊರೆ ಇದೆಯಾ? ಬಣ್ಣ ಕೆಟ್ಟಿದೆಯಾ? ಹಾಲು ಒಡೆಯೋ ಮುಂಚೆ ವಾಸನೇಲೇ ಹೇಳೋಳು ನಾನು."

"ಇದಕ್ಕೆ ವಾಸನೆ ಇರಲ್ಲ ಅಕ್ಕ. ರುಚೀನೂ ಗೊತ್ತಾಗಲ್ಲ."

"ಹಾಗಾ? ಈಗ ನಿನ್ನ ಕಣ್ಣೆದುರಿಗೇ ತಿಂದು ತೋರಿಸ್ತೀನಿ."

ಮೇಜಿನ ಮೇಲಿದ್ದ ಚಮಚ ಎಣ್ಣೆಯಲ್ಲಿ ಮುಳುಗಿತು. ಎರಡು ಎಸಳು ಹೊಳೆಯುತ್ತಾ ಮೇಲೆ ಬಂದವು. ಚಮಚ ತುಟಿಯ ಹತ್ತಿರ ಹೋಯಿತು.

ಓರಗಿತ್ತಿ ಮದುವೆಯಾಗಿ ಬಂದ ದಿನದಿಂದ ದೊಡ್ಡಕ್ಕನಿಗೆ ಎದುರಾಡಿದವಳಲ್ಲ. ಅವಳು ಬೀಸಿ ಹೊಡೆದ ಏಟಿಗೆ ಚಮಚ ಗೋಡೆಗೆ ಬಡಿದು ಬಿತ್ತು.

ಚುರುಗುಟ್ಟುವ ಕೈಯನ್ನು ಹಿಡಿದುಕೊಂಡ ದೊಡ್ಡಕ್ಕನ ಕಣ್ಣು ಕೆಂಪಾಯಿತು. "ನನ್ನ ಮೇಲೆ ಕೈ ಮಾಡಿದೆಯಾ?"

"ಮಾಡಿದೆ. ಆಮೇಲೆ ಎಷ್ಟು ಬೇಕಾದ್ರೂ ಬೈರಿ. ನನ್ನ ಅನುಮಾನಾನೇ ತಪ್ಪಾಗಿರಲಿ ಅಂತ ಬೇಡ್ಕೊಳ್ತಿದ್ದೀನಿ. ತಪ್ಪಾದ್ರೆ ಊರೆಲ್ಲ ನಗಲಿ. ಸರಿಯಾದ್ರೆ? ಭಾವನ ಕುತ್ತಿಗೆ ನೋಡಿ."

ಡ್ರೈವರ್ ಗೋಡೆಗೆ ಒರಗಿದ್ದ. ತಲೆ ಒಂದು ಪಕ್ಕಕ್ಕೆ ವಾಲುತ್ತಿತ್ತು. ಕೈಯಿಂದ ಗದ್ದ ಎತ್ತಿ ಹಿಡಿದುಕೊಂಡಿದ್ದ. "ಜಗ್ಳ ಬೇಡ್ರೇ" ಎಂದ. "ತ್ರಿಪ್... ಬದ್ಲಿ ಡ್ರೈವರ್ ಇಲ್ಲ. ಹೋಗಿ ಬಂದ್ಮೇಲೆ ನೋಡಣ."

"ಭಾವ, ಎದುರಿಗೆ ಬರೋ ಲಾರಿ ಎರಡು ಕಂಡ್ರೆ ಯಾವುದನ್ನ ತಪ್ಪಿಸ್ತೀರಿ?"

ಬೆಳಿಗ್ಗೆಯ ಟ್ರಿಪ್‌ನಲ್ಲಿ ರಸ್ತೆ ನಡುವಿನ ಬಿಳಿ ಗೆರೆ ಎರಡಾಗಿ ಕವಲೊಡೆದದ್ದು ಅವನಿಗೆ ಮಾತ್ರ ಗೊತ್ತಿತ್ತು. ಹಿಂದೆ ನಲವತ್ತು ಜನ ಕೂತಿದ್ದರು.

ದೊಡ್ಡಕ್ಕ ಗಂಡನ ಮುಖ ನೋಡಿದಳು. ಚಪ್ಪಲಿ ಮೆಟ್ಟಿಕೊಂಡಳು.

ಓರಗಿತ್ತಿ ಬಾಟಲಿಯ ಮುಚ್ಚಳ ಬಿಗಿದು, ಎರಡು ಕವರಿನೊಳಗೆ ಸುತ್ತಿ, ಕೈಯನ್ನು ಸೋಪಿನಿಂದ ತೊಳೆದುಕೊಂಡು ಹೊರಟಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಟಾರ್ಚ್ ಬಿಟ್ಟು ಕಣ್ಣು ನೋಡಿದರು. "ಲಕ್ವ ಇರಬಹುದು. ತಲೆ ಸ್ಕ್ಯಾನ್ ಮಾಡಿಸೋಣ" ಎಂದರು. ಓರಗಿತ್ತಿ ಅಳುಕಿದಳು. ಇಷ್ಟು ಓದಿದವರ ಮುಂದೆ ತಾನೇನು ಹೇಳುವುದು? ಆದರೂ ಕವರನ್ನು ಮೇಜಿನ ಮೇಲಿಟ್ಟಳು.

"ಡಾಕ್ಟ್ರೇ, ನಿನ್ನೆ ಮಧ್ಯಾಹ್ನ ಇದನ್ನ ತಿಂದಿದ್ದಾರೆ. ಎಣ್ಣೆ ಬೆಳ್ಳುಳ್ಳಿ. ಹುಳಿ ಹಾಕಿಲ್ಲ. ಮೂರು ವಾರ ಫ್ರಿಜ್ ಹೊರಗೆ ಇತ್ತು."

ಡಾಕ್ಟರಮ್ಮ ತಟ್ಟನೆ ತಿರುಗಿದರು. ಡ್ರೈವರ್‌ನ ಪಕ್ಕ ಕೂತರು. "ಆಳವಾಗಿ ಒಂದು ಉಸಿರು ತಗೊಳ್ಳಿ. ಮತ್ತೆ ಉಸಿರು ಎಳೀದೆ ಎಷ್ಟಾಗತ್ತೋ ಅಷ್ಟು ಎಣಿಸಿ."

ಇಪ್ಪತ್ತೆರಡಕ್ಕೆ ಅವನ ದನಿ ನಿಂತಿತು.

"ಒಳ್ಳೇ ಕೆಲಸ ಮಾಡಿದ್ರಿ, ಬಾಟಲಿ ತಂದದ್ದು" ಎಂದರು ಡಾಕ್ಟರಮ್ಮ. "ಇದು ಬೊಟುಲಿಸಂ ಅನಿಸ್ತಿದೆ. ವಿಷ ನರಗಳನ್ನ ಹಿಡಿಯತ್ತೆ. ಕಣ್ಣಿಂದ ಶುರುವಾಗಿ ಗಂಟಲು, ಕುತ್ತಿಗೆ, ಆಮೇಲೆ ಉಸಿರಾಡೋ ಸ್ನಾಯು. ಇದಕ್ಕೆ ಪ್ರತಿವಿಷದ ಔಷಧಿ ಇದೆ, ದೊಡ್ಡ ಆಸ್ಪತ್ರೆಯಿಂದ ತರಿಸಬೇಕು. ಈಗಾಗಲೇ ಬಿದ್ದ ನರಾನ ಅದು ಎಬ್ಬಿಸಲ್ಲ, ಮುಂದಕ್ಕೆ ಹೋಗದಂತೆ ತಡೆಯತ್ತೆ. ಅದಕ್ಕೇ ಒಂದೊಂದು ಗಂಟೇನೂ ಮುಖ್ಯ."

ಅವನನ್ನು ಪರದೆಯ ಆಚೆ ಮಲಗಿಸಿದರು. ನರ್ಸ್ ಅರ್ಧ ಗಂಟೆಗೊಮ್ಮೆ ಎಣಿಸಲು ಹೇಳುತ್ತಿದ್ದಳು. ಇಬ್ಬರು ಹೆಂಗಸರೂ ಈಚೆ ಬೆಂಚಿನ ಮೇಲೆ ಕೂತು ಕೇಳಿಸಿಕೊಂಡರು. ಎರಡನೇ ಸಲ ಎಣಿಕೆ ಹದಿನೇಳಕ್ಕೆ ನಿಂತಿತು.

ಡಾಕ್ಟರಮ್ಮ ಮತ್ತೆ ಬಂದರು. "ಅವತ್ತು ಮಾಡಿದ್ದು ಇನ್ನೆಷ್ಟು ಬಾಟಲಿ ಹೊರಗಿದೆ?"

ದೊಡ್ಡಕ್ಕ ನೆಲ ನೋಡಿದಳು. "ಇಪ್ಪತ್ತಾರು. ಮೂರು ಅಂಗಡಿ."

"ಆರೋಗ್ಯ ಇಲಾಖೆಗೆ ನಾನು ಹೇಳ್ತೀನಿ. ಅವರು ಬರೋವರೆಗೆ ಕಾಯಬೇಡಿ. ನೀವೇ ಫೋನ್ ಮಾಡಿ."

ಡಾಕ್ಟರಮ್ಮ ಹೋದ ಮೇಲೆ ದೊಡ್ಡಕ್ಕ ಫೋನನ್ನು ಅಂಗೈಯಲ್ಲಿ ಹಿಡಿದು ಕೂತಳು. "ಏನಂತ ಹೇಳಲೇ? ನಮ್ಮ ಕೈಯಾರೆ ಮಾಡಿದ್ದರಲ್ಲಿ ವಿಷ ಇದೆ ಅಂತಲಾ? ಆರು ಮನೆ ಹೆಂಗಸರು ಇದನ್ನೇ ನಂಬ್ಕೊಂಡಿದ್ದಾರೆ. ನಾಳೆಯಿಂದ ನಮ್ಮ ಮುಖ ಯಾರು ನೋಡ್ತಾರೆ? ಚೀಟಿ ತಪ್ಪಾಗಿದೆ, ವಾಪಸ್ ಕೊಡಿ ಅಂದ್ರೆ ಸಾಲದಾ?"

"ಚೀಟಿ ತಪ್ಪು ಅಂದ್ರೆ ಆಗಲೇ ಕೊಂಡುಕೊಂಡು ಹೋದವರನ್ನ ಅಂಗಡಿಯವರು ಹುಡುಕ್ತಾರಾ ಅಕ್ಕ?"

ಪರದೆಯ ಆಚೆ ಎಣಿಕೆ ಮತ್ತೆ ಶುರುವಾಯಿತು. ಒಂದು, ಎರಡು, ಮೂರು. ದನಿ ನೀರಿನೊಳಗಿಂದ ಬಂದಂತಿತ್ತು. ಏಳು. ಎಂಟು. ಒಂಬತ್ತು. ಮುಂದಿನ ಅಂಕಿ ಬರಲಿಲ್ಲ. ನರ್ಸ್ ಯಾರನ್ನೋ ಕೂಗಿದಳು. ಉಸಿರಾಟದ ಯಂತ್ರದ ಚಕ್ರಗಳು ನೆಲದ ಮೇಲೆ ಉರುಳಿ ಬಂದವು.

ದೊಡ್ಡಕ್ಕ ಎದ್ದು ನಿಂತು ಫೋನ್ ಕಿವಿಗಿಟ್ಟಳು.

"ಅಣ್ಣ, ನಾನು ಸಂಘದವಳು. ನಮ್ಮ ನೀಲಿ ಮುಚ್ಚಳದ ಬಾಟಲೀಲಿ ವಿಷ ಇದೆ. ಹೌದು, ಸರಿಯಾಗೇ ಕೇಳಿಸ್ಕೊಂಡ್ರಿ, ವಿಷ. ನನ್ನ ಗಂಡನೇ ಯಂತ್ರದ ಮೇಲಿದ್ದಾರೆ. ಒಂದನ್ನೂ ಮಾರಬೇಡಿ. ತೆರೀಬೇಡಿ, ಚರಂಡಿಗೆ ಸುರೀಬೇಡಿ. ಯಾರ್ಯಾರು ತಗೊಂಡು ಹೋಗಿದ್ದಾರೋ ಅವರ ಮನೆಗೆ ಈಗಲೇ ಹೇಳಿ ಕಳಿಸಿ. ನಿಮ್ಮ ಕಾಲಿಗೆ ಬೀಳ್ತೀನಿ."

ಮೂರು ಅಂಗಡಿಗೂ ಅವಳು ಅದೇ ಮಾತು ಹೇಳಿದಳು. ಮೂರನೆಯವನು ಬೈದ. ಬೈಸಿಕೊಂಡಳು. ಬೈದು ಮುಗಿಸಿ ಅವನೂ ಸೈಕಲ್ ಹತ್ತಿ ಮನೆಮನೆಗೆ ಹೋದ.

ಸಂಜೆಯೊಳಗೆ ಇಪ್ಪತ್ತಾರೂ ಬಾಟಲಿ ಸಿಕ್ಕವು. ಎರಡನ್ನು ತೆರೆದಿದ್ದರು. ತಿಂದವರನ್ನು ಆಸ್ಪತ್ರೆಯಲ್ಲಿಟ್ಟು ನೋಡಿದರು. ಅವರಿಗೆ ಏನೂ ಆಗಲಿಲ್ಲ. ಒಂದೇ ದಿನ ಮಾಡಿದ ಎಲ್ಲ ಬಾಟಲಿಯಲ್ಲೂ ವಿಷ ಹುಟ್ಟಬೇಕೆಂದಿಲ್ಲ. ಪರೀಕ್ಷೆಯಲ್ಲಿ ಡ್ರೈವರ್‌ನ ಬಾಟಲಿಯಲ್ಲೂ, ಇನ್ನೂ ಮುಚ್ಚಳ ತೆರೆಯದ ಐದು ಬಾಟಲಿಗಳಲ್ಲೂ ವಿಷ ಸಿಕ್ಕಿತು. ಆ ಐದರಲ್ಲಿ ಒಂದು, ಶಾಲೆಗೆ ಹೋಗುವ ಮೂರು ಮಕ್ಕಳಿರುವ ಮನೆಯಲ್ಲಿತ್ತು.

ಪ್ರತಿವಿಷ ಅಂದೇ ಬಂತು. ಡ್ರೈವರ್ ಹದಿನಾರು ದಿನ ಯಂತ್ರದ ಉಸಿರಿನಲ್ಲಿ ಬದುಕಿದ. ಮನೆಗೆ ಬಂದ ಮೇಲೂ ಎರಡು ತಿಂಗಳು ಮೆಟ್ಟಿಲು ಹತ್ತಲು ಕೈ ಹಿಡಿಯಬೇಕಿತ್ತು. ಸ್ಟಿಯರಿಂಗ್ ಮುಟ್ಟುವ ಹೊತ್ತಿಗೆ ಐದು ತಿಂಗಳಾಗಿತ್ತು.

ಘಟಕ ಬಹಳ ದಿನ ಮುಚ್ಚಿತ್ತು. ಇಲಾಖೆಯವರು ಬಂದು ನೋಡಿ, ಕಲಿಸಿ, ಮತ್ತೆ ತೆರೆಯಲು ಒಪ್ಪಿದ ದಿನ ಆರು ಜನ ಹೆಂಗಸರೂ ಮೇಜಿನ ಸುತ್ತ ನಿಂತರು. ನೆನೆದ ಎಸಳನ್ನು ಅರೆದು, ಕಾಗದದ ಪಟ್ಟಿ ಅದ್ದಿ, ದೊಡ್ಡಕ್ಕ ಓರಗಿತ್ತಿಯತ್ತ ಚಾಚಿದಳು.

"ಅಂಕಿ ಇಳಿದಷ್ಟೂ ಹುಳಿ ಜಾಸ್ತಿ ಅಂದಿದ್ದೆಯಲ್ಲ, ನಾಲ್ಕೂವರೆಗಿಂತ ಕೆಳಗೆ ಇದೆ ತಾನೇ? ನೀನು ನೋಡಿ ಹೇಳೋವರೆಗೆ ನಾನು ಎಣ್ಣೆ ಡಬ್ಬ ಮುಟ್ಟಲ್ಲ."

"ನಾಲ್ಕಿದೆ ಅಕ್ಕ. ಸರಿಯಾಗಿದೆ."

"ಇನ್ನೊಂದು ಮಾತು. ಮುಂದೆ ನಿನಗೆ ಅನುಮಾನ ಬಂದು, ನಾನು ಬೈದು ಬಾಯಿ ಮುಚ್ಚಿಸಿದ್ರೆ, ಮುಚ್ಕೊಂಡು ಕೂರಬೇಡ. ಮತ್ತೆ ಹೇಳು. ಅದಕ್ಕೂ ಕೇಳಲಿಲ್ಲ ಅಂದ್ರೆ ಕೈಗೆ ಹೊಡಿ."

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಈ ಕಥೆ ಓದಿ ಮನೆಯ ಎಲ್ಲ ಬಾಟಲಿಗೂ ಹೆದರಬೇಕಾಗಿಲ್ಲ. ಸಾಕಷ್ಟು ಹುಳಿ ಇಳಿದಿರುವ ಪದಾರ್ಥದಲ್ಲಿ ಈ ಕ್ರಿಮಿ ಬೆಳೆಯಲಾರದು. ಕಾರ್ಖಾನೆಯ ತರಕಾರಿ ಡಬ್ಬಗಳನ್ನು ಒತ್ತಡದ ಹಬೆಯಲ್ಲಿ, ಕುದಿಯುವ ನೀರಿಗಿಂತ ಹೆಚ್ಚು ಶಾಖದಲ್ಲಿ ಬೇಯಿಸಿರುತ್ತಾರೆ. ಅಪಾಯ ಇರುವುದು ಹುಳಿಯೂ ಇಲ್ಲದೆ, ಅಷ್ಟು ಶಾಖವೂ ತಾಗದೆ, ಗಾಳಿಯಾಡದಂತೆ ಮುಚ್ಚಿ ಹೊರಗಿಟ್ಟ ಬಾಟಲಿಯಲ್ಲಿ. ಹುಳಿ ಹಾಕದೆ ಎಣ್ಣೆಯಲ್ಲಿ ಬೆಳ್ಳುಳ್ಳಿಯನ್ನೋ ಸೊಪ್ಪನ್ನೋ ನೆನೆಸಿದರೆ ಫ್ರಿಜ್‌ನಲ್ಲಿಡಿ, ನಾಲ್ಕು ದಿನದೊಳಗೆ ಮುಗಿಸಿ, ಉಳಿದದ್ದನ್ನು ಎಸೆಯಿರಿ. ಪರೀಕ್ಷೆಯಾದ ಪದ್ಧತಿಯಲ್ಲಿ ಹೇಳಿದ ಹುಳಿಯನ್ನು ನಾಲಿಗೆಯ ಮಾತು ಕೇಳಿ ಕಡಿಮೆ ಮಾಡಬೇಡಿ. ಮುಚ್ಚಳ ಉಬ್ಬಿದ, ಸೋರುವ, ಅನುಮಾನ ಹುಟ್ಟಿಸಿದ ಬಾಟಲಿಯನ್ನು ರುಚಿ ನೋಡಿ ಪರೀಕ್ಷಿಸಬೇಡಿ. ಕಣ್ಣಿಗೆ ಎರಡೆರಡು ಕಂಡರೆ, ರೆಪ್ಪೆ ಜೋತರೆ, ನುಂಗಲು ಕಷ್ಟವಾದರೆ ನಾಳೆಗೆ ತಳ್ಳದೆ ಆಸ್ಪತ್ರೆಗೆ ಹೋಗಿ. ತಿಂದದ್ದು ಏನೆಂದು ಹೇಳಿ, ಉಳಿದದ್ದನ್ನು ಜೊತೆಗೆ ಒಯ್ಯಿರಿ.

ನಿಮಗೆ ಅನುಮಾನ ಬಂದರೆ ಇಂದೇ ಬಾಯಿ ಬಿಟ್ಟು ಹೇಳಿ. ತಪ್ಪಾದರೆ ನಾಲ್ಕು ಜನ ನಗುತ್ತಾರೆ, ಅಷ್ಟೇ. ಸರಿಯಾಗಿದ್ದರೆ, ಯಾರದೋ ಮನೆಯಲ್ಲಿ ಮೂರು ಮಕ್ಕಳು ನಾಳೆಯೂ ಶಾಲೆಗೆ ಹೋಗುತ್ತಾರೆ.